ನಗೆಯಲ್ಲಿ ಕೇಳದೇ ಹೋದ ಮಾತು

ಹಿತ್ತಾಳೆಯ ಸೀಟಿ ನಾನು. ಜಲಂಧರದ ಒಂದು ಇಕ್ಕಟ್ಟಾದ ಓಣಿಯಲ್ಲಿ, ಫುಟ್‌ಬಾಲು ಹೊಲಿಯುವವರ ಮಗ್ಗುಲಲ್ಲಿದ್ದ ಸಣ್ಣ ಕಾರ್ಖಾನೆಯಲ್ಲಿ ಹುಟ್ಟಿದೆ. ತಗಡನ್ನು ಅಚ್ಚಿನಲ್ಲಿ ಒತ್ತಿ ಬಗ್ಗಿಸಿದರು, ಬೆಸುಗೆ ಹಾಕಿದರು, ಮೇಲೆ ಬೆಳ್ಳಗೆ ಮೆರುಗು ಕೊಟ್ಟರು. ಕೊನೆಗೆ ಒಬ್ಬ ಹೆಂಗಸು ಬೆಂಡಿನ ಗುಂಡೊಂದನ್ನು ನನ್ನ ಸೀಳಿನಿಂದ ಒಳಕ್ಕೆ ತಳ್ಳಿದಳು. ಅದು ಹೊಟ್ಟೆ ಸೇರುವವರೆಗೆ ನಾನು ಬರೀ ಉಸ್ ಎನ್ನುತ್ತಿದ್ದೆ. ಅದು ಒಳಗೆ ಕುಣಿಯತೊಡಗಿದ ಮೇಲೆ ನನಗೆ ದನಿ ಬಂತು. ಅವಳು ಒಮ್ಮೆ ಊದಿ ನೋಡಿ, ತಲೆಯಾಡಿಸಿ, ನನ್ನನ್ನು ಬುಟ್ಟಿಗೆ ಹಾಕಿದಳು.

ನನಗೆ ಇರುವುದು ಒಂದೇ ದನಿ. ‘ನಿಲ್ಲು’ ಎನ್ನುವುದಕ್ಕೂ ಅದೇ, ‘ನಡೆ’ ಎನ್ನುವುದಕ್ಕೂ ಅದೇ. ಯಾವುದು ಯಾವಾಗ ಎಂಬುದನ್ನು ಊದುವವರು ತೀರ್ಮಾನಿಸಬೇಕು.

ನನ್ನ ಮೊದಲ ಯಜಮಾನರು ಬೆಂಗಳೂರಿನ ಸುಬೇದಾರ್ ಮಾದಯ್ಯನವರು. ಮೂಲ ಕೊಡಗಿನವರು. ಸೈನ್ಯದಲ್ಲಿದ್ದಾಗ ರಗ್ಬಿ ಆಡಿ, ನಿವೃತ್ತರಾದ ಮೇಲೆ ಅದೇ ಆಟಕ್ಕೆ ರೆಫರಿಯಾಗಿದ್ದರು. ಅವರ ಕೊರಳಿನ ಕಪ್ಪು ದಾರಕ್ಕೆ ಜೋತುಬಿದ್ದು ನಾನು ಆಟ ಕಲಿತೆ. ಮೊಟ್ಟೆಯಂತೆ ಉದ್ದನೆಯ ಚೆಂಡು. ಅದನ್ನು ಎದೆಗವಚಿಕೊಂಡು ಎದುರಾಳಿಗಳ ಕೊನೆಯ ಗೆರೆ ದಾಟಿ ನೆಲಕ್ಕೆ ಮುಟ್ಟಿಸಬೇಕು. ಜೊತೆಗಾರರಿಗೆ ಎಸೆಯಬಹುದು, ಆದರೆ ಹಿಂದಕ್ಕೆ ಮಾತ್ರ. ಎದುರಾಳಿಗಳು ಸೊಂಟ ಹಿಡಿದು, ಕಾಲು ಹಿಡಿದು ಕೆಡವುತ್ತಾರೆ. ಮೈಗೆ ಮೈ ಬಡಿಯುವ ಆಟವಾದ್ದರಿಂದ ಸಿಟ್ಟು ಬಹು ಬೇಗ ನೆತ್ತಿಗೇರುತ್ತದೆ. ನಡುವೆ ನಿಂತ ಒಬ್ಬನೇ ಮನುಷ್ಯ ಅದನ್ನು ಇಳಿಸಬೇಕು. ಮಾದಯ್ಯನವರು ಕಣ್ಣಿನಿಂದಲೇ ಇಳಿಸುತ್ತಿದ್ದರು. ಮೈದಾನದಲ್ಲಿ ಅವರು ನಕ್ಕಿದ್ದನ್ನು ನಾನು ಕಂಡಿಲ್ಲ.

ಒಂದು ಬೇಸಿಗೆ ಅವರು ಹೊಸ ರೆಫರಿಗಳಿಗೆ ತರಬೇತಿ ಶಿಬಿರ ನಡೆಸಿದರು. ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನಿಂದ ಈರಯ್ಯ ಚಿಕ್ಕಮಠ ಎಂಬ ದೈಹಿಕ ಶಿಕ್ಷಕರು ಬಂದಿದ್ದರು. ಕಬಡ್ಡಿ ಆಡಿ ಬಲಿತ ಮೈ, ದಪ್ಪ ಮೀಸೆ, ಬಾಯಿ ಬಿಟ್ಟರೆ ಚಾಷ್ಟಿ. ಅವರ ಕಡೆ ತಮಾಷೆಗೆ ಚಾಷ್ಟಿ ಎನ್ನುತ್ತಾರೆಂದು ನಾನು ಆಮೇಲೆ ತಿಳಿದೆ. ಅಭ್ಯಾಸದ ಪಂದ್ಯಕ್ಕೆ ಮಾದಯ್ಯನವರು ನನ್ನನ್ನು ಅವರ ಕೊರಳಿಗೆ ಹಾಕಿ ಮೈದಾನಕ್ಕೆ ಕಳಿಸಿದರು. ಸ್ವಲ್ಪ ಹೊತ್ತಿಗೇ ಇಬ್ಬರು ಆಟಗಾರರು ಒಬ್ಬರ ಅಂಗಿ ಒಬ್ಬರು ಹಿಡಿದು ಮುಷ್ಟಿ ಎತ್ತಿದರು. ನಾನು ಜೋರಾಗಿ ಕೂಗಿದೆ. ಅವರು ಕೇಳಲಿಲ್ಲ. ಚಿಕ್ಕಮಠ ಸರ್ ನಡುವೆ ನುಗ್ಗಿದರು.

“ಏನ್ರಪಾ, ನಿಮ್ಮ ಓಣ್ಯಾಗ ನಳಕ್ಕ ನೀರು ಬಂದಾವೇನು? ಕೊಡಾ ಎಲ್ಲಿ ಇಟ್ಟೀರಿ?”

ಇಬ್ಬರೂ ಕಕ್ಕಾಬಿಕ್ಕಿಯಾದರು. ಆಮೇಲೆ ಒಬ್ಬನ ತುಟಿ ಬಿರಿಯಿತು, ಇನ್ನೊಬ್ಬನದೂ ಬಿರಿಯಿತು. ಹಿಡಿದ ಅಂಗಿ ತಾನಾಗಿ ಸಡಿಲವಾಯಿತು.

“ಹಾಂ, ಹಿಂಗ ಪಾಳೇಕ್ಕ ನಿಲ್ರಿ. ಇನ್ನೊಮ್ಮೆ ಕೈ ಎತ್ತಿದ್ರ ಇಬ್ಬರನ್ನೂ ಹೊರಗ ಹಾಕ್ತೇನಿ.”

ಪಂದ್ಯ ಮುಗಿದ ಮೇಲೆ ಮಾದಯ್ಯನವರು ಅವರನ್ನು ಪಕ್ಕಕ್ಕೆ ಕರೆದರು. ಬೈಯುತ್ತಾರೆಂದು ನಾನು ಅಂದುಕೊಂಡಿದ್ದೆ.

“ಸೀಟಿಗೆ ಅವರು ನಿಲ್ಲಲಿಲ್ಲ ಕಣಯ್ಯ, ನಿನ್ನ ಮಾತಿಗೆ ನಿಂತರು. ಇಷ್ಟು ವರ್ಷದಲ್ಲಿ ನನಗೆ ಈ ವಿದ್ಯೆ ಬರಲಿಲ್ಲ.”

“ನಮ್ಮ ಕಡೆ ಮಂದಿ ಹಿಂಗ್ರಿ ಸರ್. ಬೈದ್ರೂ ನಗಿಸಿ ಬೈತಾರ.”

ಶಿಬಿರದ ಕೊನೆಯ ಪಾಠ ಪೆಟ್ಟುಗಳದು. ತಲೆಗೆ ಏಟು ಬಿದ್ದವರನ್ನು ರೆಫರಿ ನೇರವಾಗಿ ಕೇಳಬೇಕು: ಇದು ಯಾವ ಊರು, ಎದುರಿಗೆ ಯಾರು ಆಡುತ್ತಿದ್ದಾರೆ, ನೀನು ಯಾವ ಕಡೆಗೆ ಓಡಬೇಕು. ಉತ್ತರ ತಡವರಿಸಿದರೆ ಹೊರಗೆ. ಅನುಮಾನ ಬಂದರೂ ಹೊರಗೆ. ಚಿಕ್ಕಮಠ ಸರ್ ಆ ಪ್ರಶ್ನೆಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದರು. ಹೊರಡುವ ದಿನ ಮಾದಯ್ಯನವರು ನನ್ನನ್ನು ಮರಳಿ ತೆಗೆದುಕೊಳ್ಳಲಿಲ್ಲ. “ಇಟ್ಕೋ. ಇದರ ದನಿ ದೂರಕ್ಕೆ ಹೋಗುತ್ತೆ,” ಎಂದರು.

ಹೀಗೆ ನಾನು ಧಾರವಾಡದ ಕೆಂಪು ಮಣ್ಣಿಗೆ ಬಂದೆ. ಊರಿನವರು ರಗ್ಬಿಯನ್ನು ‘ತತ್ತಿ ಚೆಂಡಿನ ಆಟ’ ಎಂದು ಕರೆದು ಮೊದಮೊದಲು ನಕ್ಕರು. ಆಮೇಲೆ ಸಂಜೆ ಹೊತ್ತು ಕಟ್ಟೆಯ ಮೇಲೆ ಕುಳಿತು ನೋಡತೊಡಗಿದರು. ಅರ್ಧ ಜನ ಆಟ ನೋಡಲು ಬಂದರೆ, ಇನ್ನರ್ಧ ಜನ ಸರ್ ಮಾತು ಕೇಳಲು ಬರುತ್ತಿದ್ದರು. ಒಮ್ಮೆ ಒಬ್ಬ ಹುಡುಗ ಚೆಂಡನ್ನು ಮುಂದಕ್ಕೆ ಎಸೆದ. ಸರ್ ಊದಿದರು. ಅವನು ಕೈ ಚಾಚಿ ವಾದಕ್ಕೆ ನಿಂತ.

“ನಾ ಹಿಂದಕ್ಕ ಎಸದೇನ್ರಿ ಸರ್!”

“ಖರೆ ಐತಪಾ, ನೀ ಹಿಂದಕ್ಕ ಎಸದಿ. ಧಾರವಾಡನ ಒಂದಿಷ್ಟು ಹಿಂದ ಸರೀತು. ಏನ ಮಾಡೂಣು?”

ಅವನ ಜೊತೆಗಾರರೇ ಹೊಟ್ಟೆ ಹಿಡಿದು ನಕ್ಕರು. ವಾದ ಅಲ್ಲಿಗೆ ಮುಗಿಯಿತು. ಹಿಡಿಯುವ ಮೊದಲೇ ಬಿದ್ದು ಹೊರಳುವ ಒಬ್ಬನಿದ್ದ. ಸರ್ ಅವನ ತಲೆಯ ಹತ್ತಿರ ನಿಂತು, “ಏಳೋ ಮಾರಾಯಾ, ಪರದೆ ಬಿದ್ದೈತಿ, ಮಂದಿ ಮನೀಗೆ ಹೊಂಟಾರ,” ಎಂದರು. ಅವನು ಧೂಳು ಕೊಡವಿಕೊಂಡು ಎದ್ದ. ಯಾರ ಅವ್ವನಿಗೆ ಜ್ವರ, ಯಾರ ಎಮ್ಮೆ ಕರು ಹಾಕಿದೆ, ಯಾರಿಗೆ ಗಣಿತ ಹೋಗಿದೆ, ಎಲ್ಲವೂ ಅವರಿಗೆ ಗೊತ್ತಿತ್ತು. ಆಟಗಾರರು ಅವರಿಗೆ ಹೆದರುತ್ತಿರಲಿಲ್ಲ. ಅವರ ಮುಂದೆ ಕೆಟ್ಟದಾಗಿ ನಡೆದುಕೊಳ್ಳಲು ನಾಚುತ್ತಿದ್ದರು. ಅದು ಹೆದರಿಕೆಗಿಂತ ಗಟ್ಟಿಯಾದ ಬೇಲಿ ಎಂದು ನನಗೆ ಅನಿಸುತ್ತಿತ್ತು. ಅವರ ಕೊರಳಲ್ಲಿರುವುದು ನನಗೂ ಒಂದು ಹೆಮ್ಮೆ.

ಹೆಣ್ಣುಮಕ್ಕಳ ತಂಡದಲ್ಲಿ ಕಸ್ತೂರಿ ಬಳಿಗಾರ ಎಂಬುವಳಿದ್ದಳು. ತಂದೆ ಇಲ್ಲ. ತಾಯಿ ಪಾರವ್ವನಿಗೆ ಮಾರ್ಕೆಟ್ಟಿನಲ್ಲಿ ಒಂದು ಪುಟ್ಟ ಬಳೆ ಅಂಗಡಿ. ಊರಿನ ಅರ್ಧ ಹೆಣ್ಣುಮಕ್ಕಳ ಮುಂಗೈ ಪಾರವ್ವನಿಗೆ ಪರಿಚಯ. ಕಸ್ತೂರಿ ಡಿಗ್ರಿ ಮುಗಿಸಿ ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ ತಯಾರಾಗುತ್ತಿದ್ದಳು. ಲಿಖಿತ ಪರೀಕ್ಷೆ ಪಾಸಾಗಿತ್ತು, ದೇಹದಾರ್ಢ್ಯ ಪರೀಕ್ಷೆಯೊಂದು ಬಾಕಿ. ಅವಳು ಓಡುವುದನ್ನು ನೋಡಿದವರು ಯಾರೂ ಆ ಪರೀಕ್ಷೆಯ ಬಗ್ಗೆ ಚಿಂತೆ ಮಾಡುತ್ತಿರಲಿಲ್ಲ.

ಓಟದಷ್ಟೇ ಅವಳ ನಾಲಿಗೆಯೂ ಚುರುಕು. ಸರ್ ಒಂದು ಅಂದರೆ ಅವಳು ಒಂದು ಅನ್ನುತ್ತಿದ್ದಳು. ಹುಬ್ಬಳ್ಳಿ ತಂಡದ ಮೇಲೆ ಆಡುವಾಗ, ಕೊನೆಯ ನಿಮಿಷಗಳು ಮುಗಿಯುತ್ತಲೇ ಇಲ್ಲವೆಂದು ಆಟದ ನಡುವೆ ಓಡುತ್ತಲೇ ಕೇಳಿದ್ದಳು:

“ಸರ್, ನಿಮ್ಮ ಗಡಿಯಾರ ಹುಬ್ಬಳ್ಳಿಯವರು ಕೊಡಸ್ಯಾರೇನ್ರಿ?”

“ಇಲ್ಲವಾ, ನಿಮ್ಮವ್ವನ ಅಂಗಡ್ಯಾಗ ತಗೊಂಡೇನಿ, ಅದಕ್ಕ ಸಾವಕಾಶ ನಡೀತೈತಿ!”

ತಂಡದ ನಾಯಕಿ ಸಲ್ಮಾ ನದಾಫ್ ಇಂಥ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಅವಳ ನಗು ಮೈದಾನದಾಚೆಯ ರಸ್ತೆಗೆ ಕೇಳುತ್ತಿತ್ತು. ಕಸ್ತೂರಿ ಮತ್ತು ಸರ್ ಮಾತಿಗೆ ಶುರು ಮಾಡಿದರೆ ಎದುರಾಳಿ ತಂಡದವರೂ ಕಿವಿಗೊಡುತ್ತಿದ್ದರು. ಅದು ಎಲ್ಲರಿಗೂ ಅಭ್ಯಾಸವಾಗಿ ಹೋಗಿತ್ತು.

ಆ ವರ್ಷ ಅಂತಿಮ ಪಂದ್ಯ ಧಾರವಾಡದಲ್ಲೇ ಬಂತು. ಎದುರಿಗೆ ಬೆಳಗಾವಿ ತಂಡ. ಆಟದ ದ್ವಿತೀಯಾರ್ಧ. ಕಸ್ತೂರಿ ಓಡಿಬರುತ್ತಿದ್ದ ಒಬ್ಬಳ ಕಾಲಿಗೆ ಹಾರಿ ಬಿದ್ದಳು. ಹಿಡಿತ ಸರಿಯಾಗಿಯೇ ಇತ್ತು, ಆದರೆ ಓಡುತ್ತಿದ್ದವಳ ಮೊಣಕಾಲು ಅವಳ ಕಿವಿಯ ಮೇಲ್ಭಾಗಕ್ಕೆ ತಾಗಿತು. ಚೆಂಡು ಗೆರೆಯಾಚೆ ಉರುಳಿತು. ಸರ್ ನನ್ನನ್ನು ಊದಿ ಅವಳ ಹತ್ತಿರ ಓಡಿದರು. ಬಗ್ಗುವ ಮೊದಲೇ ಅವಳು ಎದ್ದು ಕೂತಿದ್ದಳು. ಮೈಗಂಟಿದ ಮಣ್ಣು ಕೊಡವಿಕೊಂಡಳು. ನಿಂತಳು. ಗಿಡವಿದ್ದ ಆ ಕೊನೆ ನೋಡಿದಳು, ಈ ಕೊನೆ ನೋಡಿದಳು. ಆಮೇಲೆ ಸರ್ ಮುಖ ನೋಡಿ ಕೇಳಿದಳು:

“ಸರ್, ನಮ್ಮ ಕಡೆ ಯಾವುದ್ರಿ?”

ಸಲ್ಮಾ ಗೊಳ್ಳೆಂದು ನಕ್ಕಳು. ಬೆಳಗಾವಿಯ ಹುಡುಗಿಯರೂ ನಕ್ಕರು. ಕಟ್ಟೆಯ ಮೇಲಿದ್ದವರೂ ನಕ್ಕರು. ಸರ್ ಮೀಸೆಯಲ್ಲೂ ನಗು ಹಬ್ಬಿತು.

“ಯವ್ವಾ ತಾಯಿ, ಗಡಿ ತಂಟೆ ಬೆಳಗಾವಿಯವರಿಗೆ ಬಿಡು. ನೀ ಆ ಗಿಡದ ಕಡೆ ಓಡು!”

ನಗು ಇಮ್ಮಡಿಯಾಯಿತು. ನಾನು ಸರ್ ಎದೆಯ ಮೇಲಿದ್ದೆ. ಅವರ ಕಣ್ಣಿಗಿಂತ ಒಂದು ಮೊಳ ಕೆಳಗಿನಿಂದ ಕಸ್ತೂರಿಯ ಮುಖ ನೋಡಿದೆ. ಕೇಳುವಾಗ ಅವಳ ಮುಖದಲ್ಲಿ ನಗು ಇರಲಿಲ್ಲ. ಎಲ್ಲರೂ ನಕ್ಕ ಮೇಲೆ, ಒಂದು ಕ್ಷಣ ತಡೆದು, ಅವಳೂ ನಕ್ಕಳು. ಎಲ್ಲರೂ ನಗುವಾಗ ತಾನೊಬ್ಬಳೇ ಸುಮ್ಮನಿದ್ದರೆ ಹೇಗೆ ಎಂಬಂತೆ ನಕ್ಕಳು. ನನಗೆ ಕಂಡಿತು, ಆದರೆ ನನಗೆ ಸ್ವಂತದ ಉಸಿರಿಲ್ಲ. ಸರ್ ನನ್ನನ್ನು ತುಟಿಗಿಟ್ಟು ಊದಿದರು. ನನ್ನ ದನಿಗೆ ಆಟ ಮತ್ತೆ ಶುರುವಾಯಿತು.

ಅವರು ಅವಳನ್ನು ಕೇಳಬೇಕಾಗಿದ್ದ ಪ್ರಶ್ನೆಯನ್ನು ಅವಳೇ ಅವರಿಗೆ ಕೇಳಿದ್ದಳು.

ಅವಳು ಗಿಡದ ಕಡೆ ಓಡಿದಳು. ಚೆಂಡು ಅವಳ ಕೈಗೆ ಬಂತು. ಒಬ್ಬ ಹುಡುಗಿ ಹಿಂದಿನಿಂದ ಸೊಂಟ ಹಿಡಿದಳು, ಅದೂ ಮೆತ್ತಗೆ, ನಿಯಮದ ಪ್ರಕಾರ. ಕಸ್ತೂರಿ ಚೆಂಡಿನ ಸಮೇತ ಬಿದ್ದಳು. ಮತ್ತೆ ಏಳಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದರು. ಸರ್ ಮೈದಾನದ ಬಟ್ಟೆಯಲ್ಲೇ ಆಂಬುಲೆನ್ಸ್ ಹತ್ತಿದ್ದರು. ನಾನೂ ಅವರ ಕೊರಳಲ್ಲೇ ಇದ್ದೆ. ಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿದೆ, ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್ ಆದ ಮೇಲೆ ಹೊರಗೆ ಬಂದು, ಏನಾಯಿತೆಂದು ಎಲ್ಲವನ್ನೂ ಕೇಳಿಸಿಕೊಂಡರು. “ಮೊದಲನೇ ಪೆಟ್ಟಿಗೇ ಹೊರಗ ಕೂಡಿಸಿದ್ರ...” ಎಂದು ಶುರು ಮಾಡಿದವರು ಸರ್ ಮುಖ ನೋಡಿ ಮಾತು ನುಂಗಿಕೊಂಡರು. ಸರ್ ಕೈ ನನ್ನನ್ನು ಹಿಡಿದುಕೊಂಡಿತು. ನನ್ನ ಅಂಚು ಅಂಗೈಗೆ ಒತ್ತಿ ಗೆರೆ ಮೂಡುವವರೆಗೂ ಬಿಡಲಿಲ್ಲ.

ಕಸ್ತೂರಿ ಬದುಕಿದಳು. ಕಣ್ಣು ಬಿಡಲು ಬಹಳ ದಿನ ಬೇಕಾಯಿತು, ಎದ್ದು ನಿಲ್ಲಲು ಇನ್ನೂ ಬಹಳ ದಿನ. ಎಡಗೈಯಲ್ಲಿ ನಡುಕ ಉಳಿಯಿತು. ತಿರುಗಿ ನೋಡಿದರೆ ತಲೆ ಸುತ್ತು, ಬಿಸಿಲು ಕಂಡರೆ ನೋವು. ದೇಹದಾರ್ಢ್ಯ ಪರೀಕ್ಷೆಯ ದಿನ ಅವಳು ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ಕಲಿಯುತ್ತಿದ್ದಳು.

ರಗ್ಬಿ ಸಂಘದವರು ವಿಚಾರಣೆ ಮಾಡಿದರು. ಯಾರೂ ಸರ್ ಮೇಲೆ ತಪ್ಪು ಹೊರಿಸಲಿಲ್ಲ. ಬೆಳಗಾವಿಯ ಹುಡುಗಿಯರೂ ಬಂದು, ಕಸ್ತೂರಿ ಅಕ್ಕ ಯಾವಾಗಲೂ ಹಾಗೇ ಮಾತಾಡುತ್ತಿದ್ದಳು, ನಾವೂ ನಕ್ಕೆವು ಎಂದರು. ಆಟದಾಗ ಆಗೂದ ಐತಿ ಎಂದರು ಹಿರಿಯರು. ಬೈದಿದ್ದರೆ, ಸೀಟಿ ಕಿತ್ತುಕೊಂಡಿದ್ದರೆ ಸರ್‌ಗೆ ಹಗುರವಾಗುತ್ತಿತ್ತೇನೋ. ಬೆನ್ನು ತಟ್ಟಿದ ಪ್ರತಿ ಕೈಗೂ ಅವರು ಇನ್ನಷ್ಟು ಬಗ್ಗಿದರು.

ಅವಳು ಮನೆಗೆ ಬಂದ ಮೇಲೆ ಸರ್ ನೋಡಲು ಹೋದರು. ಅಭ್ಯಾಸಬಲದಿಂದ ನಾನು ಕೊರಳಲ್ಲೇ ಇದ್ದೆ. ಪಾರವ್ವ ಒಲೆಯ ಮುಂದೆ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುತ್ತಿದ್ದಳು. ಕುಕ್ಕರು ಮೇಲಿನ ಹಲಗೆಯಲ್ಲಿ ಬೋರಲು ಬಿದ್ದಿತ್ತು.

“ಕುಕ್ಕರ ಕೆಟ್ಟೈತೇನ್ ಪಾರವ್ವ?” ಎಂದರು ಸರ್, ಮಾತಿಗೆ ಬೇರೆ ದಾರಿ ಸಿಗದೆ.

“ಇಲ್ರಿ ಮಾಸ್ತರ್ರ. ಅದರ ಸೀಟಿ ಹೊಡದ್ರ ಅಕಿ ತಲಿ ಹಿಡಕೊಂಡು ಚೀರ್ತಾಳ. ಅದಕ್ಕ ಎತ್ತಿಟ್ಟೇನಿ.”

ಸರ್ ನನ್ನನ್ನು ಕೊರಳಿನಿಂದ ತೆಗೆದು ಪ್ಯಾಂಟಿನ ಜೇಬಿನೊಳಗೆ ಆಳಕ್ಕೆ ತುರುಕಿದರು. ಮುಂದಿನದನ್ನೆಲ್ಲ ನಾನು ಕತ್ತಲೆಯಲ್ಲಿ ಕೇಳಿದೆ.

ಪಾರವ್ವ ಚಹಾ ಕೊಡುತ್ತ ಮೆಲುದನಿಯಲ್ಲಿ ಹೇಳಿದಳು: “ನೀವು ಮನಸಿಗೆ ಹಚ್ಕೋಬ್ಯಾಡ್ರಿ. ನೀವು ನಗಿಸಿದ್ದಕ್ಕ ಅಕಿ ನಕ್ಕೋಂತ ಹೋದ್ಲಂತ ಹುಡಿಗ್ಯಾರು ಹೇಳಿದ್ರು. ಅಳಕೋಂತ ಬೀಳಲಿಲ್ಲಲ್ರಿ.”

ಅವಳು ಸಮಾಧಾನಕ್ಕೇ ಹೇಳಿದ್ದು. ಸರ್ ಕಪ್ಪನ್ನು ಕೆಳಗಿಟ್ಟು ಎದ್ದ ಸದ್ದಾಯಿತು.

ಒಳಕೋಣೆಯಲ್ಲಿ ಕಸ್ತೂರಿ ಮಲಗಿದ್ದಳು. ಆ ದಿನದ ಒಂದು ಎಳೆಯೂ ಅವಳಿಗೆ ನೆನಪಿರಲಿಲ್ಲ. ಪಂದ್ಯ ಇತ್ತು ಎಂಬುದೂ ಬೇರೆಯವರು ಹೇಳಿ ಗೊತ್ತು.

“ನಾ ಏನೋ ಚಾಷ್ಟಿ ಮಾಡಿದ್ನಂತ ಸಲ್ಮಾ ಅಂದ್ಲು. ಪೂರಾ ಹೇಳದ ಅಳಾಕ ಹತ್ತಿದ್ಲು. ಏನ್ ಅಂದಿದ್ನಿರಿ ಸರ್?”

ಸರ್ ಹೇಳಿದರು. ಅವಳು ಕೇಳಿದ್ದು, ತಾವು ಅಂದದ್ದು, ಗಿಡದ ಕಡೆ ಓಡು ಎಂದದ್ದು, ಎಲ್ಲವನ್ನೂ ಹೇಳಿದರು. ಕಸ್ತೂರಿ ಮೊದಲು ನಕ್ಕಳು. “ಗಡಿ ತಂಟೆ! ಛಲೋ ಹೇಳೀರಿ ಬಿಡ್ರಿ,” ಎಂದಳು. ಆಮೇಲೆ ನಗು ನಿಂತಿತು.

“ಹಂಗಾರ ನನಗ ಖರೇನ ಗೊತ್ತಾಗಿದ್ದಿಲ್ಲೇನ್ರಿ?”

“ಗೊತ್ತಾಗಿದ್ದಿಲ್ಲವ್ವ.”

“ನಾ ಖರೇನ ಕೇಳೇನಿ. ನೀವು ಚಾಷ್ಟಿ ಅಂದ್ಕೊಂಡ್ರಿ.”

“ಹೌದವ್ವ.”

ಹಾಸಿಗೆ ಕಿರುಗುಟ್ಟಿತು. ಅವಳು ಗೋಡೆಯ ಕಡೆ ತಿರುಗಿದ್ದಿರಬೇಕು. ಅವಳ ದನಿ ಗೋಡೆಗೆ ತಾಗಿ ಬಂತು.

“ಇವತ್ತ ಹೋಗ್ರಿ ಸರ್.”

ಸರ್ ಎದ್ದು ಬಂದರು. ಪಾರವ್ವ ಬಾಗಿಲವರೆಗೆ ಬಂದು, ಹುಡುಗಿ ಹಾಗೆ ಅಂದದ್ದಕ್ಕೆ ತಾನೇ ತಪ್ಪು ಮಾಡಿದವಳಂತೆ ಕ್ಷಮೆ ಕೇಳಿದಳು. ಸರ್‌ಗೆ ಅದೂ ಬೇಕಿರಲಿಲ್ಲ. ಮನೆಯವರೆಗೂ ಸೈಕಲ್ ಹತ್ತದೆ ತಳ್ಳಿಕೊಂಡೇ ಬಂದರು.

ಅವರು ರೆಫರಿ ಕೆಲಸ ಬಿಡಲು ಹೋದರು. ಸಂಘದವರು ಬಿಡಲಿಲ್ಲ, ಬೇರೆ ರೆಫರಿಗಳಿರಲಿಲ್ಲ. ಹೀಗಾಗಿ ಮತ್ತೆ ಮೈದಾನಕ್ಕೆ ಬಂದರು, ಆದರೆ ಬಾಯಿ ಕಟ್ಟಿಕೊಂಡು ಬಂದರು. ಆಟಗಾರರು ಮಾತಿಗೆಳೆದರೆ ನನ್ನನ್ನು ಊದುತ್ತಿದ್ದರು. ಜಗಳವಾದರೆ ಕಾರ್ಡು ತೋರಿಸುತ್ತಿದ್ದರು. ಯಾರು ಬಿದ್ದರೂ ಮಾದಯ್ಯನವರ ಪ್ರಶ್ನೆಗಳನ್ನು ಕೋರ್ಟಿನ ವಕೀಲರಂತೆ ಒಂದೊಂದಾಗಿ ಕೇಳುತ್ತಿದ್ದರು. ಎಲ್ಲವೂ ನಿಯಮದಂತೆ ನಡೆಯುತ್ತಿತ್ತು, ಮೈದಾನ ಮಾತ್ರ ಬೇರೆಯಾಗಿತ್ತು. ಮೊದಲು ಅವರ ಮುಂದೆ ನಾಚುತ್ತಿದ್ದವರು ಈಗ ಅವರ ಬೆನ್ನ ಹಿಂದೆ ಗುದ್ದುತ್ತಿದ್ದರು. ನಾನು ಇಡೀ ಸಂಜೆ ಕೂಗಿ ಕೂಗಿ ಬಳಲುತ್ತಿದ್ದೆ.

ಒಂದು ಪಂದ್ಯ ಮುಗಿದ ಮೇಲೆ ಒಬ್ಬ ಹುಡುಗಿ ಅಂಗಿ ಬಿಚ್ಚಲಾಗದೆ ಅತ್ತಳು. ಭುಜದ ಎಲುಬು ಬಿರುಕು ಬಿಟ್ಟಿತ್ತು. ಪೆಟ್ಟು ಬಿದ್ದದ್ದು ಆಟದ ಮೊದಲರ್ಧದಲ್ಲಿ. ಸರ್ ಹತ್ತಿರ ಬಂದಾಗ ಕೈ ಬೆನ್ನಿಗೆ ಅಡಗಿಸಿಕೊಂಡು ‘ಏನೂ ಆಗಿಲ್ಲ’ ಎಂದಿದ್ದಳಂತೆ. ಸಲ್ಮಾ ಆ ಹೊತ್ತಿಗೆ ಆಟ ಬಿಟ್ಟು, ಆ ತಂಡಕ್ಕೆ ಕೋಚ್ ಆಗಿದ್ದಳು. ಅವಳು ಸರ್ ಇದ್ದಲ್ಲಿಗೆ ಬಂದಳು.

“ಸರ್, ಒಂದ ಮಾತ ಹೇಳ್ಲ್ಯಾ? ಸಿಟ್ಟಿಗೇಳಬ್ಯಾಡ್ರಿ.”

“ಹೇಳವಾ.”

“ಮೊದಲ ನಮಗ ಏನರ ನೋವಾದ್ರ ನಿಮಗ ಹೇಳ್ತಿದ್ವಿ. ಅವ್ವಗ ಹೇಳ್ತಿದ್ದಿಲ್ಲ, ನಿಮಗ ಹೇಳ್ತಿದ್ವಿ. ಈಗ ನಿಮ್ಮನ್ನ ನೋಡಿದ್ರ ಹುಡಿಗ್ಯಾರು ಪೆಟ್ಟ ಮುಚ್ಚಿಡ್ತಾರ. ನೀವು ಬಾಯಿ ಕಟಕೊಂಡ್ರ ಕಸ್ತೂರಿಗೆ ಆರಾಮ ಆಗತೈತೇನ್ರಿ?”

ಸರ್ ಕಟ್ಟೆಯ ಮೇಲೆ ಕುಳಿತರು. “ಆವಾಗ ನಗಿಸಿ ಕೆಡಿಸಿದ್ನಿ, ಈಗ ನಗಿಸದ ಕೆಡಿಸಾಕತ್ತೇನಿ,” ಎಂದರು.

“ಆವತ್ತ ಎಲ್ಲಾರಕಿಂತ ಜೋರ ನಕ್ಕಾಕಿ ನಾನ್ರಿ ಸರ್,” ಎಂದಳು ಸಲ್ಮಾ. “ನನಗೂ ನಿದ್ದಿ ಇಲ್ಲ.”

ಇಬ್ಬರೂ ಆ ಕಟ್ಟೆಯ ಮೇಲೆ ಕುಳಿತೇ ಇದ್ದರು. ಏಳುವ ಮುನ್ನ ಸರ್ ನನ್ನನ್ನು ಕೊರಳಿನಿಂದ ತೆಗೆದು ಅವಳ ಕೈಯಲ್ಲಿಟ್ಟರು. “ರೆಫರಿ ಪರೀಕ್ಷೆಗೆ ಕಟ್ಟು. ನಾ ಕಲಿಸ್ತೇನಿ. ಊದೂದು ಅಷ್ಟೇ ಅಲ್ಲ, ನಾ ಎಲ್ಲಿ ತಪ್ಪಿದ್ನಿ ಅನ್ನೂದನ್ನೂ ಕಲಿಸ್ತೇನಿ.”

ಸಲ್ಮಾಳ ಉಸಿರು ಸರ್ ಉಸಿರಿಗಿಂತ ಚೂಪು. ಮೊದಮೊದಲು ನನ್ನ ಗುಂಡು ಬೆದರಿ ಹಾರಾಡುತ್ತಿತ್ತು. ರೆಫರಿಯಾದ ಮೇಲೂ ಮೈದಾನದಲ್ಲಿ ಅವಳ ಬಾಯಿಗೆ ಬಿಡುವಿಲ್ಲ, ಚಾಷ್ಟಿ ಅವಳ ರಕ್ತದಲ್ಲೇ ಇತ್ತು. ಆದರೆ ಯಾರಾದರೂ ಬಿದ್ದರೆ ಮೊದಲು ನಗು ಬಾಗಿಲು ಹಾಕಿಕೊಳ್ಳುತ್ತಿತ್ತು. ನೆಲಕ್ಕೆ ಮಂಡಿಯೂರಿ, ಅವರ ಕಣ್ಣಿಗೆ ಕಣ್ಣಿಟ್ಟು ಕೇಳಬೇಕಾದ್ದನ್ನು ಕೇಳುತ್ತಿದ್ದಳು. ತಮಾಷೆ ಏನಿದ್ದರೂ ಆಮೇಲೆ.

ಒಂದು ಸೆಮಿಫೈನಲ್‌ನಲ್ಲಿ ಗದಗಿನ ತಂಡದ ಹುಡುಗಿಯೊಬ್ಬಳು ತಲೆ ಹಿಡಿದು ಕೂತಳು. ಪ್ರಶ್ನೆಗಳಿಗೆಲ್ಲ ಸರಿಯಾಗಿಯೇ ಉತ್ತರ ಕೊಟ್ಟಳು. ಊರು ಹೇಳಿದಳು, ಎದುರಿಗೆ ಯಾರೆಂದು ಹೇಳಿದಳು, ಕಡೆ ತೋರಿಸಿದಳು. ಸಲ್ಮಾ ಏಳಲಿಲ್ಲ. ಅವಳ ಕೆದರಿದ ಜಡೆಯನ್ನು ಸರಿಮಾಡುತ್ತ, “ಶಾಣ್ಯಾಕಿ ಅದಿ. ಪರೀಕ್ಷಾದಾಗ ಹಿಂಗ ಉತ್ತರಾ ಬರದಿದ್ರ ನಿಮ್ಮಪ್ಪ ನಿನ್ನ ಇಲ್ಲಿ ಬೀಳಾಕ ಕಳಸ್ತಿದ್ದಿಲ್ಲ ನೋಡು!” ಎಂದಳು. ಹುಡುಗಿಗೆ ನಗು ಬಂತು. ನಗು ಬಂದಾಗ ಬಿಗಿದಿದ್ದ ಭುಜ ಇಳಿಯಿತು. ಅವಳು ಸಲ್ಮಾಳ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು:

“ಅಕ್ಕಾ, ನನಗ ಎರಡೆರಡು ಕಾಣಾಕತ್ತಾವ್ರಿ. ಯಾರಿಗೂ ಹೇಳಬ್ಯಾಡ್ರಿ.”

“ಯಾರಿಗೂ ಹೇಳಂಗಿಲ್ಲವಾ. ನಡಿ, ಹೊರಗ ಕೂಡು.”

ಹುಡುಗಿ ಕಾಲು ಹಿಡಿದಳು, ಆಮೇಲೆ ಬೈದಳು. ಅವಳ ಕೋಚ್ ಗೆರೆಯಾಚೆಯಿಂದ ಕೂಗಾಡಿದ. ಗದಗಿನವರು ಸೋತು, ಕೈ ಕುಲುಕದೆ ಹೋದರು. ಸಲ್ಮಾ ಎಲ್ಲ ಬೈಗುಳವನ್ನೂ ನಿಂತು ಕೇಳಿಸಿಕೊಂಡಳು. ದೂರದ ಕಟ್ಟೆಯ ಮೇಲೆ ಚಿಕ್ಕಮಠ ಸರ್ ಒಬ್ಬರೇ ಕುಳಿತಿದ್ದರು. ಅವರ ಮುಖದಲ್ಲಿ ಸಂತೋಷವಿತ್ತು. ಇಷ್ಟು ಸಣ್ಣ ಕೆಲಸ, ತಮ್ಮಿಂದ ಯಾಕೆ ಆಗಲಿಲ್ಲ ಎಂಬುದೂ ಅದೇ ಮುಖದಲ್ಲಿತ್ತು. ನನಗೂ ಹಾಗೇ ಆಯಿತು.

ಕಾಲ ಕಳೆಯಿತು. ಎಷ್ಟೋ ಜನರ ಉಗುಳು ಕುಡಿದು ನನ್ನ ಬೆಂಡಿನ ಗುಂಡು ಉಬ್ಬಿತು. ದನಿ ಒಡೆಯಿತು. ಸಲ್ಮಾ ಗುಂಡಿಲ್ಲದ ಪ್ಲಾಸ್ಟಿಕ್ ಸೀಟಿ ಕೊಂಡಳು. ನನ್ನನ್ನು ಒರೆಸಿ ತಂದು ಸರ್‌ಗೆ ಒಪ್ಪಿಸಿದಳು. ಆಗ ಸರ್ ನಿವೃತ್ತರಾಗಿದ್ದರು. ಅವರ ಹೆಂಡತಿ ನೀಲಮ್ಮನವರು ನನಗೆ ಮನೆಯ ಕೀಲಿಗಳನ್ನು ಪೋಣಿಸಿ ಪಡಸಾಲೆಯ ಗೂಟಕ್ಕೆ ತೂಗುಹಾಕಿದರು. ಈಗಲೂ ಅಲ್ಲೇ ಇದ್ದೇನೆ. ಮೆರುಗು ಹೋಗಿ ಒಳಗಿನ ಹಳದಿ ಹಿತ್ತಾಳೆ ಕಾಣುತ್ತದೆ. ಗಾಳಿ ಬೀಸಿದರೆ ಕೀಲಿಗಳು ಮಾತಾಡುತ್ತವೆ, ನಾನು ಸುಮ್ಮನಿರುತ್ತೇನೆ. ಯೋಚಿಸಲು ಬೇಕಾದಷ್ಟು ಹೊತ್ತಿದೆ. ನಗು ಜಗಳ ಬಿಡಿಸಿದ್ದನ್ನು ಕಂಡವನು ನಾನು, ನಗು ಕಣ್ಣಿಗೆ ಅಡ್ಡ ನಿಂತದ್ದನ್ನೂ ಕಂಡವನು. ಪ್ರೀತಿಯಿಂದ ಆಡಿದ ಮಾತಿಗೂ ಪ್ರಾಯಶ್ಚಿತ್ತ ಬೇಕಾಗುತ್ತದೆಯೇ ಎಂದು ಕೇಳಿದರೆ, ಸರ್ ಮುಖ ನೋಡಿ ಹೌದೆನ್ನುತ್ತೇನೆ.

ಕಸ್ತೂರಿ ತಾಯಿಯ ಅಂಗಡಿ ನಡೆಸುತ್ತಿದ್ದಳು. ಸರ್ ಮಾರ್ಕೆಟ್ಟಿಗೆ ಹೋದಾಗೆಲ್ಲ ಅಂಗಡಿಯ ಮುಂದೆ ನಿಂತು, “ಆರಾಮ ಅದಿಯೇನವ್ವ?” ಎಂದು ಕೇಳಿ ಬರುತ್ತಿದ್ದರಂತೆ. ಅವಳು, “ಆರಾಮ ಅದೇನ್ರಿ,” ಎನ್ನುತ್ತಿದ್ದಳಂತೆ. ವರ್ಷಗಟ್ಟಲೆ ಅಷ್ಟೇ ಮಾತು. ಒಮ್ಮೊಮ್ಮೆ ಅದೂ ಇಲ್ಲ. ನೀಲಮ್ಮನವರಿಗೆ ಸರ್ ಇದನ್ನು ಹೇಳುವಾಗ ದೂರು ಇರುತ್ತಿರಲಿಲ್ಲ, ತಮಗೆ ಸಲ್ಲಬೇಕಾದ್ದೇ ಸಂದಂತೆ ಹೇಳುತ್ತಿದ್ದರು.

ಕಳೆದ ಮಾಘದಲ್ಲಿ ಸರ್ ಮಗಳ ಮದುವೆ ಗೊತ್ತಾಯಿತು. ಮನೆಯ ಹೆಣ್ಣುಮಕ್ಕಳಿಗೆ ಹಸಿರು ಬಳೆ ಇಡಿಸಬೇಕೆಂದು ನೀಲಮ್ಮನವರು ಪಾರವ್ವನಿಗೆ ಹೇಳಿಕಳಿಸಿದ್ದರು. ಪಾರವ್ವನ ಮಂಡಿ ಹಿಡಿದಿತ್ತು. ಬಳೆಯ ಗಂಟು ಹೊತ್ತು ಬಂದವಳು ಕಸ್ತೂರಿ. ಸರ್ ಅವಳನ್ನು ಕಂಡವರೇ ಹಿತ್ತಲಿಗೆ ಹೋಗಿಬಿಟ್ಟರು.

ಅವಳು ಪಡಸಾಲೆಯಲ್ಲಿ ನನ್ನ ಕೆಳಗೇ ಚಾಪೆ ಹಾಕಿ ಕುಳಿತಳು. ಕಣ್ಣಿಗೆ ಬಣ್ಣದ ಕನ್ನಡಕ. ಎಡಗೈ ನಡುಗುತ್ತಿತ್ತು, ಆದ್ದರಿಂದ ಆ ಕೈಯನ್ನು ತನ್ನ ಮಂಡಿಗೆ ಒತ್ತಿಟ್ಟು ಅದರ ಮೇಲೆ ಮದುಮಗಳ ಕೈ ಇರಿಸಿಕೊಂಡು, ಬಲಗೈಯಿಂದ ಬಳೆ ಏರಿಸುತ್ತಿದ್ದಳು. ಸಾವಕಾಶವಾಗಿ, ಒಂದೂ ಒಡೆಯದಂತೆ. ಎಲ್ಲರದೂ ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಬಿಸಿಲು ಏರಿತ್ತು. ಗಂಟು ಕಟ್ಟಿ ಎದ್ದು, ಪಡಸಾಲೆಯ ಮೆಟ್ಟಿಲ ತುದಿಗೆ ಬಂದು ನಿಂತಳು. ಬಿಸಿಲು ಕಣ್ಣಿಗೆ ಹೊಡೆಯಿತೋ ಏನೋ, ತೂಗಾಡಿ ಕಂಬ ಹಿಡಿದಳು.

ಸರ್ ಹಿತ್ತಲಿನಿಂದ ಬಂದು ಮೆಟ್ಟಿಲ ಕೆಳಗೆ ನಿಂತಿದ್ದರು. ಯಾವಾಗ ಬಂದರೋ ಯಾರಿಗೂ ಗೊತ್ತಿಲ್ಲ. ಕೈ ಚಾಚಲಿಲ್ಲ. ಚಾಚುವ ಹಕ್ಕು ತಮಗಿಲ್ಲವೆಂಬಂತೆ ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡಿದ್ದರು.

“ಕೈ ಕೊಡ್ರಿ ಸರ್,” ಎಂದಳು ಕಸ್ತೂರಿ.

ಅವರು ಕೊಟ್ಟರು. ಅವಳು ಒಂದು ಮೆಟ್ಟಿಲಿಳಿದಳು. ಇನ್ನೊಂದಕ್ಕೆ ಕಾಲಿಡುವಾಗ ನಿಂತು, ಹಿಡಿದ ಕೈ ನೋಡಿದಳು.

“ಏನ್ರಿ ಸರ್ ಇದು, ಬಳಿಗಾರ್ತಿ ಕೈಗೇ ಬಳಿ ಇಡಾವ್ರಂಗ ಹಿಚುಕಾಕತ್ತೀರಿ!”

ಒಳಗೆ ಹೆಂಗಸರು ನಕ್ಕರು. ಸರ್ ನಗಲಿಲ್ಲ. ಹಿಡಿತ ಸಡಿಲಿಸಿ, ಬಣ್ಣದ ಕನ್ನಡಕದ ಹಿಂದೆ ಅವಳ ಕಣ್ಣು ಹುಡುಕುತ್ತ ನಿಂತರು.

ಕಸ್ತೂರಿ ಕನ್ನಡಕ ತೆಗೆದಳು. ಬಿಸಿಲಿಗೆ ಅವಳ ಕಣ್ಣಲ್ಲಿ ಕೂಡಲೇ ನೀರು ತುಂಬಿತು. ಆದರೂ ಮುಖ ತಿರುಗಿಸಲಿಲ್ಲ.

“ಇದು ಚಾಷ್ಟೀನ್ರಿ ಸರ್,” ಎಂದಳು ಮೆಲ್ಲಗೆ. “ನಗ್ರಿ.”

ಸರ್ ನಗಲು ಹೋದರು. ಮೀಸೆ ಅಲುಗಿತು, ಭುಜ ಅಲುಗಿತು. ಬಂದದ್ದು ನಗುವಲ್ಲ. ಕಸ್ತೂರಿ ಕೈ ಬಿಡಿಸಿಕೊಳ್ಳಲಿಲ್ಲ. ಅವರು ಮುಗಿಸುವವರೆಗೂ, ಆ ಬಿಸಿಲಿನಲ್ಲಿ, ಮೆಟ್ಟಿಲ ಮೇಲೆ ನಿಂತೇ ಇದ್ದಳು.